ಕಂಬಳಿ ಹೊದ್ದ ವೀರನ ಡಾಬಕಾ ದಂಡಯಾತ್ರೆ

ಸೂಪರ್‌ಹೀರೋ ಕಾಮಿಕ್ಸ್ ವಿಷಯದಲ್ಲಿ ಭಾಲ್ಕಿ ತಾಲೂಕಿನಲ್ಲಿ ನನಗೆ ಸರಿಸಮಾನರು ಯಾರೂ ಇಲ್ಲ. ಇದನ್ನು ನಾನೇ ಹೇಳಬೇಕಾಗಿ ಬಂದಿದೆ, ಏಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ. ಬೀದರಿನ ರದ್ದಿ ಅಂಗಡಿಗಳಿಂದ ಆರಿಸಿ ತಂದ ಕಾಮಿಕ್ಸುಗಳು ನಮ್ಮ ಮನೆಯ ದೊಡ್ಡ ಕಪಾಟನ್ನು ತುಂಬಿ, ಈಗ ಸೀರೆಗಳ ಕಪಾಟಿನ ಗಡಿಯನ್ನೂ ದಾಟುತ್ತಿವೆ. ಕಾಲೇಜಿನ ಗ್ರಂಥಪಾಲಕನಾಗಿ ಹಗಲೆಲ್ಲ ದಪ್ಪ ಪುಸ್ತಕಗಳ ಬೆನ್ನು ನೋಡುತ್ತೇನೆ. ಸಂಜೆ ಮನೆಗೆ ಬಂದು ತೆಳ್ಳನೆಯ ಕಾಮಿಕ್ಸುಗಳ ಹೊಟ್ಟೆಯೊಳಗೆ ಇಳಿಯುತ್ತೇನೆ.

ಆದರೆ ನನ್ನ ಭಕ್ತಿ ಹೀರೋನ ಮೇಲಲ್ಲ. ಅವನಿಗೇನು, ಹಾರುತ್ತಾನೆ, ಗುದ್ದುತ್ತಾನೆ, ಹೋಗುತ್ತಾನೆ. ನನಗೆ ಮೈ ಜುಮ್ಮೆನ್ನುವುದು ಅವನ ಸುತ್ತಲಿನವರನ್ನು ಕಂಡು. ಪ್ರತಿ ಕಾಳಗದಲ್ಲೂ ಹರಿಯುವ ಆ ಬಿಗಿ ಉಡುಪನ್ನು ಯಾರೋ ಹೊಲಿಯುತ್ತಾರಲ್ಲ! ಅನ್ನ ಆರಿತೆಂದು ಬಾಗಿಲಲ್ಲಿ ನಿಲ್ಲುವ ಚಿಕ್ಕಮ್ಮ, ಗುಟ್ಟೆಲ್ಲ ಗೊತ್ತಿದ್ದೂ ತುಟಿ ಬಿಚ್ಚದೆ ಚಹಾ ತಂದಿಡುವ ಮನೆಯಾಳು, ಸಂಚಿಕೆಗೊಮ್ಮೆ ಮಹಡಿಯಿಂದ ಬಿದ್ದರೂ ಮರುದಿನ ತಪ್ಪದೆ ಕೆಲಸಕ್ಕೆ ಹಾಜರಾಗುವ ಗೆಳತಿ, ಇವರೆಲ್ಲ ಎಂಥ ಗಟ್ಟಿ ಜನ! ಯಾವ ಶಕ್ತಿಯೂ ಇಲ್ಲದೆ ಅಂಥ ಊರಿನಲ್ಲಿ ಸಂಸಾರ ಮಾಡುವುದೆಂದರೆ ಸಾಮಾನ್ಯವೇ? ಈ ವಿಚಾರವನ್ನು ನಾನು ಸ್ಟಾಫ್ ರೂಮಿನಲ್ಲಿ ಮಂಡಿಸಲು ಶುರುಮಾಡಿದ ಕೂಡಲೇ ಸಹೋದ್ಯೋಗಿಗಳಿಗೆ ಕ್ಲಾಸಿನ ನೆನಪಾಗುತ್ತದೆ. ನನ್ನಿಂದ ಪಾಠಗಳು ಸಮಯಕ್ಕೆ ಸರಿಯಾಗಿ ನಡೆಯುತ್ತಿವೆ.

ಇಂಥ ಮನೆಯಲ್ಲಿ ಹುಟ್ಟಿದ ಮಗಳು ಕಾಮಿಕ್ಸ್ ಬರೆಯದೆ ಇರುತ್ತಾಳೆಯೇ? ಒಂಬತ್ತನೇ ಕ್ಲಾಸಿನ ಶ್ರಾವಣಿ ಅಜ್ಜಿಯ ಊರಾದ ಡಾಬಕಾದಲ್ಲಿ ನಡೆಯುವ ಒಂದು ಕಥೆ ಕಟ್ಟಿದಳು. ಕುರಿ ಹಿಂಡನ್ನು ಕಾಪಾಡುವ, ಕಂಬಳಿಯನ್ನೇ ಬೆನ್ನಿಗೆ ಕಟ್ಟಿಕೊಂಡ ಸೂಪರ್‌ಹೀರೋ ಕಥೆ! ಡ್ರಾಯಿಂಗ್ ಮಾಸ್ತರು ಖುಷಿಪಟ್ಟು, ಶಾಲೆಯ ಪ್ರದರ್ಶನದಲ್ಲಿ ಒಂದು ಇಡೀ ಗೋಡೆಯನ್ನು ಅವಳಿಗೇ ಬಿಟ್ಟುಕೊಟ್ಟರು. ಆಮೇಲೆ ಶುರುವಾಯಿತು ಅಳು.

"ಹೊಲ ಬರ್ತದ, ಗಿಡ ಬರ್ತದ, ಕುರಿನೂ ಬರ್ತಾವ. ಮನಷ್ಯಾರೇ ಬರವಲ್ರು ಪಪ್ಪಾ! ನಿಂತಾರಂತ ತಗದ್ರ ಬಿದ್ದಂಗ ಕಾಣ್ತಾರ. ಇಡೀ ಗ್ವಾಡಿ ಖಾಲಿ ಉಳದ್ರ ಎಲ್ಲಾರೂ ನಗ್ತಾರ."

ಫೋಟೋ ತೆಗೆದು, ಅದನ್ನು ನೋಡಿಕೊಂಡು ಚಿತ್ರ ಬಿಡಿಸಬಹುದೆಂದು ನಾನೇ ಉಪಾಯ ಹೇಳಿದೆ. ಭಾನುವಾರ ಎಲ್ಲರೂ ಡಾಬಕಾಕ್ಕೆ ಹೋಗುವುದೆಂದು ತೀರ್ಮಾನವಾಯಿತು.

"ಪಪ್ಪಾ, ಕಥಿಯೊಳಗ ನಿಮಗೂ ಒಂದು ಪಾತ್ರ ಇಟ್ಟೀನ್ರಿ. ಅದು ಏನಂದ್ರ..."

"ಗೊತ್ತಾತು, ಗೊತ್ತಾತು!" ಎಂದು ನಾನು ಎದ್ದೇ ನಿಂತೆ.

ನನ್ನ ಹೆಂಡತಿ ಸುವರ್ಣಾ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಪೂರ್ತಿ ಪ್ರಶ್ನೆ ಓದದೆ ಉತ್ತರ ಬರೆಯುವವರನ್ನು ಕಂಡರೆ ಅವಳಿಗೆ ಆಗುವುದಿಲ್ಲ. "ಪಾತ್ರ ಯಾವ್ದಂತ ಪೂರಾ ಕೇಳ್ರಿ ಮೊದ್ಲ" ಎಂದಳು.

"ಕೇಳೋದೇನದ ಅದ್ರಾಗ? ಕಾಮಿಕ್ಸ್ ಓದಿ ಓದಿ ಹೀರೋ ಹ್ಯಾಂಗ ನಿಲ್ತಾನ, ಹ್ಯಾಂಗ ನೋಡ್ತಾನ, ಎಲ್ಲಾ ಬಾಯಿಪಾಠ ಅದ ನನಗ."

"ಹೀರೋಗ ಹೊಟ್ಟಿ ಇರ್ತದೇನ್ರಿ?"

"ನಮ್ಮ ಕಡಿ ಹೀರೋಗ ಇರ್ತದ!"

ಹೌದು, ಸ್ಟಾಫ್ ರೂಮಿನಲ್ಲಿ ಪೋಷಕ ಪಾತ್ರಗಳ ಪರ ವಾದಿಸುತ್ತಿದ್ದವನು ನಾನೇ. ಆದರೆ ವಾದ ಬೇರೆ, ಕಂಬಳಿ ಬೇರೆ.

ಭಾನುವಾರ ಬಸ್ಸಿನಲ್ಲಿ ಔರಾದ್ ತಲುಪಿ, ಅಲ್ಲಿಂದ ಟಂಟಂ ಆಟೋ ಹಿಡಿದು ಡಾಬಕಾಕ್ಕೆ ಬಂದೆವು. ನೀಲಿ ಟ್ರ್ಯಾಕ್ ಪ್ಯಾಂಟು, ಅದರ ಮೇಲೆ ಮಗಳ ಕೆಂಪು ಓಢಣಿಯ ನಡುಪಟ್ಟಿ, ಕಣ್ಣಿಗೆ ತಂಪು ಕನ್ನಡಕ. ಇಷ್ಟನ್ನು ನಾನು ಮನೆಯಿಂದಲೇ ಧರಿಸಿ ಹೊರಟಿದ್ದೆ. ಟಂಟಂನಲ್ಲಿ ಸುವರ್ಣಾ ನನ್ನಿಂದ ದೂರ, ಡ್ರೈವರನ ಪಕ್ಕದ ಸೀಟಿನಲ್ಲಿ ಕುಳಿತಳು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದಂತೆ.

ಅತ್ತೆ ನಾಗಮ್ಮನವರು ಇಂದಿಗೂ ಕುರಿ ಸಾಕುವವರು. ಗೂಟದಲ್ಲಿದ್ದ ಕರಿ ಕಂಬಳಿಯನ್ನು ಇಳಿಸಿ, ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಡುವಾಗ ಒಂದು ಕ್ಷಣ ತಡೆದರು. "ಚುಂಗಿನಾಗ ಗಂಟು ಅದರಿ ಅಳಿಯ ಸಾಹೇಬ್ರ. ಜರಾ ತಡೀರಿ, ಬಿಚ್ಚಿ ಕೊಡ್ತೇನಿ."

ನೋಡಿದೆ. ಕಂಬಳಿಯ ಎರಡು ಮೂಲೆಯ ಚುಂಗುಗಳಲ್ಲೂ ನಿಂಬೆ ಗಾತ್ರದ ಗಂಟುಗಳಿದ್ದವು. ಎದೆಯ ಮೇಲೆ ಎರಡು ಪದಕಗಳಂತೆ ಶೋಭಿಸುವುದು ಖಂಡಿತ!

"ಇರ್ಲಿ ಬಿಡ್ರಿ ಅತ್ತಿ. ಬೆನ್ನ ಮ್ಯಾಲಿನ ಬಟ್ಟಿ ಹಾರಬೇಕಂದ್ರ ಮುಂದ ತೂಕ ಬೇಕಾಗ್ತದ. ಇದು ಕಾಮಿಕ್ಸಿನ ಸೈನ್ಸು."

ಅಳಿಯನಿಗೆ ಎದುರು ಮಾತಾಡುವ ರೂಢಿ ಆ ಮನೆಯಲ್ಲಿಲ್ಲ. ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ತಮ್ಮ ಮಗಳ ಮುಖ ನೋಡಿದರು. ಸುವರ್ಣಾ ಛಾವಣಿ ನೋಡಿದಳು. ನಾನು ಅದನ್ನು ಮೌನ ಮೆಚ್ಚುಗೆಯೆಂದು ಸ್ವೀಕರಿಸಿದೆ.

ಊರ ಹೊರಗಿನ ಹೊಲದಲ್ಲಿ ಶ್ರಾವಣಿ ತಾನು ಬಿಡಿಸಿದ್ದ ಹಾಳೆಗಳನ್ನೆಲ್ಲ ಸಾಲಾಗಿ ನೆಲಕ್ಕೆ ಹರಡಿ, ಒಂದೊಂದರ ಮೇಲೂ ಕಲ್ಲಿಟ್ಟಳು. ಯಾವ ಚೌಕಕ್ಕೆ ಯಾವ ಫೋಟೋ ಬೇಕೆಂದು ನೋಡಬೇಕಿತ್ತು. ತಿಂಗಳುಗಟ್ಟಲೆ ಬಣ್ಣ ತುಂಬಿದ ಹೊಲ, ಗುಡ್ಡ, ಮುಗಿಲು ಎಲ್ಲ ಅಲ್ಲಿದ್ದವು, ಮನುಷ್ಯರ ಜಾಗ ಮಾತ್ರ ಬಿಳಿಯಾಗಿತ್ತು. ಅವಳಿಗೆ ಬೇರೆ ಪ್ರತಿ ಇರಲಿಲ್ಲ.

ನಾನು ಕಂಬಳಿಯನ್ನು ಬೆನ್ನಿಗೆ ಕಟ್ಟಿಕೊಂಡು ಕಲ್ಲುಗುಂಪೆಯ ಮೇಲೆ ಹತ್ತಿ, ಸೊಂಟದ ಮೇಲೆ ಕೈಯಿಟ್ಟು, ದಿಗಂತವನ್ನು ದಿಟ್ಟಿಸಿದೆ. ಎದೆ ಮುಂದೆ ತಂದರೆ ಹೊಟ್ಟೆಯೂ ಜೊತೆಗೆ ಬಂತು. ಆ ದಿಗಂತದಲ್ಲಿ ಒಂದು ಬೇವಿನ ಮರ, ಅದರ ನೆರಳಲ್ಲಿ ಅತ್ತೆಯ ಕುರಿ ಹಿಂಡು ಮಲಗಿತ್ತು. ಹಿಂಡಿನ ಮುಂದಾಳು ಜಮಾದಾರ ಎಂಬ ಟಗರು. ಗಾಳಿ ನನ್ನ ಕಡೆಯಿಂದ ಅದರ ಕಡೆಗೆ ಬೀಸಿತು. ಜಮಾದಾರ ಮೂಗೆತ್ತಿದ. ಎದ್ದ. ನೇರ ನನ್ನ ಕಡೆಗೇ ಹೊರಟ.

"ನೋಡಿದೇನ ಶ್ರಾವಣಿ? ಮೂಕ ಪ್ರಾಣಿಗೂ ಹೀರೋ ಯಾರಂತ ಗೊತ್ತಾಗ್ತದ!"

ಜಮಾದಾರನಿಗೆ ಗೊತ್ತಾಗಿದ್ದು ಬೇರೆಯೇ. ಅವನು ನನ್ನ ಎದೆಯ ಮೇಲಿನ ಎಡಗಡೆಯ ಪದಕಕ್ಕೆ ಬಾಯಿ ಹಾಕಿದ. ನಾನು ಕೊಸರಿಕೊಂಡೆ. ಅವನು ಎರಡು ಹೆಜ್ಜೆ ಹಿಂದೆ ಸರಿದು ತಲೆ ತಗ್ಗಿಸಿದ. ಟಗರು ಹಿಂದೆ ಸರಿಯುವುದು ಗೌರವದಿಂದಲ್ಲ ಎಂಬುದು ಶಾಲೆಯ ಗಾದೆ ಪಾಠದಿಂದಲೇ ನನಗೆ ತಿಳಿದಿತ್ತು. ಓಡಿದೆ!

ಹೀರೋ ಓಡಿದರೆ ಕಂಬಳಿ ಹಾರಬೇಕು. ಹಾರಿತು. ಅದರ ವಾಸನೆಗೆ ಇಡೀ ಹಿಂಡೇ ಎದ್ದು ನನ್ನ ಬೆನ್ನು ಹತ್ತಿತು. ದೂರದಲ್ಲಿ ಒಂದು ಟ್ರ್ಯಾಕ್ಟರ್ ಟ್ರಾಲಿ ನಿಂತಿತ್ತು. ಅದರತ್ತ ತಿರುಗಿದೆ.

"ಪಪ್ಪಾ, ಈ ಕಡಿ ಬರಬ್ಯಾಡ್ರೀ! ಹಾಳಿ ಅವ! ನನ್ನ ಹಾಳಿ!"

ನನಗೂ ಟ್ರಾಲಿಗೂ ನಡುವೆ ಶ್ರಾವಣಿಯ ಹಾಳೆಗಳಿದ್ದವು. ಅವುಗಳ ಮುಂದೆ ಅವಳು ಕೈ ಚಾಚಿ ನಿಂತಿದ್ದಳು. ಕಾಲಿಗೆ ನಿಲ್ಲಲು ಹೇಳಿದೆ, ಅದು ಕೇಳಲಿಲ್ಲ. ಮಗಳ ಪಕ್ಕದಿಂದ ನುಸುಳಿ, ಹಾಳೆಗಳನ್ನು ಹಾರಿ, ಟ್ರಾಲಿ ಹತ್ತಿಬಿಟ್ಟೆ. ತಿರುಗಿ ನೋಡಿದೆ. ಧೂಳೆಬ್ಬಿಸುತ್ತ ಬರುತ್ತಿದ್ದ ಹಿಂಡು, ಅದರೆದುರು ನನ್ನ ಮಗಳು ಒಬ್ಬಳೇ!

ಆಗ ಕೇಳಿಸಿತು ಆ ದನಿ.

ಬದುವಿನ ಮೇಲೆ ಸುವರ್ಣಾ ನಿಂತಿದ್ದಳು. ಇಸ್ತ್ರಿ ಮಾಡಿದ ಸೀರೆ, ಹೆಗಲಲ್ಲಿ ಶಾಲೆಗೆ ಒಯ್ಯುವ ವ್ಯಾನಿಟಿ ಬ್ಯಾಗು. ತುಟಿಗಳನ್ನು ಬಿಗಿಹಿಡಿದು ನಡುಗಿಸಿ "ಬ್ರ್‌ರ್‌ರ್‌ರ್... ಹೋ!" ಎಂದು ಕೂಗಿದಳು. ಒಂದೇ ಸಲ. ಹಿಂಡು ಗಕ್ಕನೆ ನಿಂತಿತು. ಜಮಾದಾರ ಶಾಲೆಗೆ ತಡವಾಗಿ ಬಂದ ಹುಡುಗನಂತೆ ತಲೆ ತಗ್ಗಿಸಿ ಅವಳ ಕಡೆ ತಿರುಗಿದ, ಉಳಿದವೆಲ್ಲ ಅವನ ಹಿಂದೆ ತಿರುಗಿದವು. ಅವಳು ಬ್ಯಾಗನ್ನು ಸರಿಮಾಡಿಕೊಂಡು ಬೇವಿನ ಮರದ ಕಡೆ ನಡೆದಳು. ಹಿಂಡು ಅವಳ ಹಿಂದೆ ಹೊರಟಿತು.

ನಾನು ಟ್ರಾಲಿಯ ಮೇಲೆ ಬಾಯಿ ತೆರೆದು ನಿಂತಿದ್ದೆ. ಇಷ್ಟು ವರ್ಷ ಜೊತೆಗೆ ಬಾಳಿದರೂ ಆ ದನಿಯನ್ನು ನಾನು ಕೇಳಿರಲಿಲ್ಲ. ಅಂದರೆ ಇಷ್ಟು ದಿನ ನನ್ನ ಮೇಲೆ ಅವಳು ಪೂರ್ತಿ ಶಕ್ತಿ ಪ್ರಯೋಗಿಸಿಯೇ ಇರಲಿಲ್ಲ! ಅವಳ ದೊಡ್ಡ ಮನಸ್ಸಿಗೆ ಕೈ ಮುಗಿಯಬೇಕೆನಿಸಿತು. ಅದೇ ಹೊತ್ತಿಗೆ ಮಗಳ ಮೊಬೈಲು ಕ್ಲಿಕ್ಕೆಂದಿತು.

"ಬರಾಬರ್ ಬಂತು ಪಪ್ಪಾ! ಇನ್ನ ಇಳೀರಿ."

ಮನೆಗೆ ಬಂದ ಮೇಲೆ ಅತ್ತೆ ಕಂಬಳಿಯ ಗಂಟು ಬಿಚ್ಚಿದರು. ಒಳಗಿದ್ದುದು ಹರಳುಪ್ಪು.

"ಕುರಿಗೋಳಿಗೆ ತಿನ್ನಸ್ಲಾಕ ಕಟ್ಟಿದ್ದು ರೀ. ಉಪ್ಪಂದ್ರ ಜೀವ ಬಿಡ್ತಾವ. ಹೇಳ್ಬೇಕಂತಿದ್ದೆ, ನೀವು ಸೈನ್ಸು ಅಂದ್ರಿ" ಎಂದರು ಬಹಳ ಮರ್ಯಾದೆಯಿಂದ.

ಪ್ರದರ್ಶನದ ದಿನ ಗೋಡೆ ತುಂಬಿತ್ತು. ನಾನು ಮೊದಲ ಹಾಳೆಯಿಂದಲೇ ಬೆರಗಾದೆ. ಸೂಪರ್‌ಹೀರೋ ಸೀರೆ ಉಟ್ಟಿದ್ದಳು! ಹೆಗಲಲ್ಲಿ ವ್ಯಾನಿಟಿ ಬ್ಯಾಗು, ಬೆನ್ನಲ್ಲಿ ಕರಿ ಕಂಬಳಿ, ಬಾಯಿಂದ ಹೊರಟ ದನಿ ಮೋಡಗಳನ್ನು ಸೀಳಿತ್ತು. ಕಂಬಳಿ ಕೊಟ್ಟು ಹರಸುವ ಅಜ್ಜಿ ಇದ್ದಳು. ಬಲಗೈ ಬಂಟನಾಗಿ ಜಮಾದಾರ ಹಾಳೆಹಾಳೆಯಲ್ಲೂ ಮೆರೆದಿದ್ದ. ಒಂದು ಹಾಳೆಯ ಅಂಚಿಗೆ ಬಿದ್ದಿದ್ದ ನನ್ನ ಚಪ್ಪಲಿಯ ಗುರುತನ್ನೂ ಮಗಳು ಬಿಟ್ಟಿರಲಿಲ್ಲ, ಅದಕ್ಕೆ ಬಣ್ಣ ತುಂಬಿ ರಾಕ್ಷಸನ ಹೆಜ್ಜೆ ಮಾಡಿದ್ದಳು. ಕೊನೆಯ ಹಾಳೆಯಲ್ಲಿ, ಜನಜಂಗುಳಿಯ ನಡುವೆ, ಒಬ್ಬ ಹೊಟ್ಟೆಯ ಮನುಷ್ಯ ಬಾಯಿ ತೆರೆದು ಆಕಾಶ ನೋಡುತ್ತಿದ್ದ. ಹೆಸರಿಲ್ಲ, ಮಾತಿಲ್ಲ.

"ಇದೇ ನಿಮ್ಮ ಪಾತ್ರ ಪಪ್ಪಾ. ಅವತ್ತೇ ಹೇಳ್ಲಾಕ ಬಂದಿದ್ದೆ. ಇಂವ ಇಲ್ಲಂದ್ರ ಹೀರೋ ಎಷ್ಟು ದೊಡ್ಡಾಕಿ ಅಂತ ಓದೋರಿಗೆ ಗೊತ್ತೇ ಆಗಲ್ಲರಿ. ನೀವೇ ಹೇಳ್ತಿದ್ರೆಲ್ಲ?"

ನನ್ನ ಸಿದ್ಧಾಂತದಿಂದಲೇ ನನಗೆ ಏಟು! ಅಷ್ಟರಲ್ಲಿ ಡ್ರಾಯಿಂಗ್ ಮಾಸ್ತರು ಬಂದು, "ಎಲ್ಲಾ ಚಲೋ ಅವ, ಆದ್ರ ಈ ಬಾಯಿ ತಗದ ಮನಷ್ಯಾ ಭಾರಿ ಬಂದಾನ. ಯಾರವ?" ಎಂದು ನನ್ನನ್ನೇ ಕೇಳಿದರು. ನಾನು ತುಟಿಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡು, ಗೊತ್ತಿಲ್ಲವೆಂದು ತಲೆಯಾಡಿಸಿದೆ. ಸುತ್ತ ನಿಂತಿದ್ದ ಯಾರಿಗೂ ಗುರುತು ಹತ್ತಲಿಲ್ಲ. ಮಾನ ಉಳಿಯಿತು ಎಂದುಕೊಂಡೆ.

ಆಗ ತನ್ನ ಶಾಲೆ ಮುಗಿಸಿಕೊಂಡು ಸುವರ್ಣಾ ಬಾಗಿಲಲ್ಲಿ ಬಂದು ನಿಂತಳು. ಇಸ್ತ್ರಿ ಮಾಡಿದ ಸೀರೆ, ಹೆಗಲಲ್ಲಿ ಅದೇ ಬ್ಯಾಗು. ಗೋಡೆಯ ಮೇಲಿನವಳೇ ಇಳಿದು ಬಂದಂತಾಯಿತು. ನನಗೆ ಗೊತ್ತಿಲ್ಲದೆಯೇ ನನ್ನ ಬಾಯಿ ತೆರೆದುಕೊಂಡಿತು.

ಎಲ್ಲರಿಗೂ ಗುರುತು ಸಿಕ್ಕಿತು.