ಆರು ವರ್ಷ ತಡವಾಗಿ ಹೋದ ಟಪಾಲು

ಸೋಮಾರಿತನವನ್ನು ಬೇರುಸಹಿತ ಕಿತ್ತೆಸೆಯಬೇಕೆಂದು ತೀರ್ಮಾನಿಸಿದ ದಿನ ನಾನು ಮೊದಲು ಮಾಡಿದ ಕೆಲಸ, ಆಫೀಸಿಗೆ ರಜೆ ಹಾಕಿದ್ದು. ನಗಬೇಡಿ! ಇಷ್ಟು ದೊಡ್ಡ ಯುದ್ಧವನ್ನು ಆಫೀಸಿನ ಗಲಾಟೆಯ ನಡುವೆ ಮಾಡಲಾಗುತ್ತದೆಯೇ?

"ಇವತ್ತು ಸಂಜೆಯೊಳಗೆ ಈ ಮನೇಲಿ ಬಾಕಿ ಅನ್ನೋ ಪದವೇ ಇರಲ್ಲ!" ಎಂದು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡೆ.

"ಮೊದಲು ಕುರ್ಚಿಯಿಂದ ಏಳಿ," ಎಂದಳು.

ಎದ್ದೆ. ಎದ್ದವನು ಬಿರುಗಾಳಿಯಾದೆ! ಎರಡು ವರ್ಷದಿಂದ ಜೋತಾಡುತ್ತಿದ್ದ ಕಿಟಕಿಯ ಚಿಲಕಕ್ಕೆ ಸ್ಕ್ರೂ ಬಿಗಿದೆ. ನಿಂತ ಗಡಿಯಾರಕ್ಕೆ ಸೆಲ್ ಹಾಕಿದೆ. ಅದೇ ಹುರುಪಿನಲ್ಲಿ ಹಳೆಯ ಚರ್ಮದ ಬ್ಯಾಗನ್ನೂ ಝಾಡಿಸಿದೆ. ಒಳಗಿನಿಂದ ಒಂದು ನೀಲಿ ಲಕೋಟೆ ಬಿತ್ತು. ಬಾಯಿ ಅಂಟಿಸಿಯಾಗಿದೆ, ಸ್ಟ್ಯಾಂಪ್ ಇದೆ, ಹೆಂಡತಿಯ ಮುದ್ದಾದ ಅಕ್ಷರದಲ್ಲಿ ಅವಳ ಅಕ್ಕನ ವಿಳಾಸವಿದೆ. ಯಾವತ್ತೋ ಪೋಸ್ಟ್ ಮಾಡಲು ಕೊಟ್ಟದ್ದು! ಹಳೆಯ ನಾನಾಗಿದ್ದರೆ ನಾಳೆ ನೋಡೋಣವೆಂದು ಮತ್ತೆ ಒಳಗೇ ತುರುಕುತ್ತಿದ್ದೆ. ಹೊಸ ನಾನು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಓಡಿಹೋಗಿ, ಬೀದಿ ಕೊನೆಯ ಟಪಾಲು ಡಬ್ಬಿಗೆ ಹಾಕಿ ಬಂದೆ.

ಸಂಜೆ ಕಾಫಿ ಕುಡಿಯುತ್ತ ನನ್ನ ಸಾಧನೆಗಳನ್ನು ಒಪ್ಪಿಸಿದೆ. "ಚಿಲಕ ಆಯ್ತು, ಗಡಿಯಾರ ಆಯ್ತು, ನಿನ್ನ ಅಕ್ಕನ ಪತ್ರ ಆಯ್ತು..."

"ಯಾವ ಪತ್ರ?"

"ನೀನೇ ಕೊಟ್ಟಿದ್ದೆಯಲ್ಲ, ನೀಲಿ ಲಕೋಟೆ."

"ಅಯ್ಯೋ! ಅದು ಆರು ವರ್ಷದ ಹಿಂದಿನದು ರೀ! ಅಮ್ಮನ ಹೊಲಿಗೆ ಮಿಷನ್ ಯಾರಿಗೆ ಅಂತ ಜಗಳ ಆದಾಗ ಬರೆದಿದ್ದು!"

ಇಲ್ಲೊಂದು ಮಾತು ಹೇಳಬೇಕು. ನನ್ನ ಮಾವನವರು ಹೆಡ್‌ಮಾಸ್ಟರಾಗಿದ್ದವರು. ಮಕ್ಕಳು ಕಿರುಚಾಡಿದರೆ ಅವರಿಗೆ ಆಗುತ್ತಿರಲಿಲ್ಲ. ದೂರು ಏನಿದ್ದರೂ ಬರವಣಿಗೆಯಲ್ಲಿ ಕೊಡಿ ಎನ್ನುತ್ತಿದ್ದರು. ಅವರ ಇಬ್ಬರು ಹೆಣ್ಣುಮಕ್ಕಳು ಇಂದಿಗೂ ಜಗಳವಾಡುವುದು ಕಾಗದದ ಮೇಲೆಯೇ, ಅಂಚು ಬಿಟ್ಟು, ವ್ಯಾಕರಣಶುದ್ಧವಾಗಿ!

"ಅಂಥದ್ದೇನು ಬರೆದಿದ್ದೆ?"

"ಇನ್ನು ನನ್ನ ಮನೆ ಹೊಸ್ತಿಲು ತುಳೀಬೇಡ ಅಂತ. ಅದು ಮೊದಲನೇ ಸಾಲು."

"ಕೊನೇ ಸಾಲು?"

"ಕೇಳ್ಬೇಡಿ."

ಮುಂದಿನ ವಾರ ಹೆಂಡತಿಗೆ ಕಣ್ಣಿನ ಆಪರೇಷನ್. ಹದಿನೈದು ದಿನ ಒಲೆಯ ಹತ್ತಿರ ಸುಳಿಯುವಂತಿಲ್ಲ. ಬಂದು ನೋಡಿಕೊಳ್ಳಬೇಕಾದವರು ಇದೇ ಅತ್ತಿಗೆ. ಅವರು ಬರದಿದ್ದರೆ ಒಲೆಯ ಮುಂದೆ ನಾನು!

ಹೆಂಡತಿ ಕಣ್ಣೊರೆಸಿಕೊಂಡಳು. "ಆ ಪತ್ರದ ಬಗ್ಗೆ ಒಂದು ಮಾತೂ ಎತ್ತದೆ ಕ್ಷಮಿಸಿದ್ಲಲ್ಲ, ಎಂಥಾ ದೊಡ್ಡ ಮನಸ್ಸು ಅಂದ್ಕೊಂಡಿದ್ದೆ. ಅವಳಿಗೆ ತಲುಪೇ ಇರ್ಲಿಲ್ಲ!"

"ನೋಡು ಮತ್ತೆ! ನಿಮ್ಮ ಸಂಬಂಧ ಉಳಿಸಿದ್ದು ನನ್ನ ಸೋಮಾರಿತನ! ಹಾಕದಿದ್ರೂ ಬೈತೀಯ, ಹಾಕಿದ್ರೂ ಬೈತೀಯ!"

ಅವಳು ನೋಡಿದ ನೋಟಕ್ಕೆ ನಾನು ಡಬ್ಬಿಯ ಕಡೆ ದೌಡಾಯಿಸಿದೆ. ಅಂಚೆಯವನು ಚೀಲಕ್ಕೆ ಗಂಟು ಹಾಕುತ್ತಿದ್ದ. ಆರು ವರ್ಷದ ಕಥೆಯನ್ನೆಲ್ಲ ಹೇಳಿ ಅಂಗಲಾಚಿದೆ.

"ಡಬ್ಬಿಗೆ ಬಿದ್ಮೇಲೆ ಅದು ನಿಮ್ಮದಲ್ಲ ಸಾರ್," ಎಂದ. "ಅಲ್ಲ, ಆರು ವರ್ಷ ತಡೆದವರಿಗೆ ಇನ್ನೊಂದು ದಿನ ತಡೆಯೋಕಾಗ್ಲಿಲ್ವಾ?"

ಮನೆಗೆ ಬಂದು, "ತೆರೀಬೇಡಿ ಅಂತ ಫೋನ್ ಮಾಡೋಣ," ಎಂದೆ.

"ತೆರೀಬೇಡ ಅಂದ್ರೆ ಅವಳು ಅಂಚೆಯವನ ಕೈಲಿರುವಾಗ್ಲೇ ಹರಿದು ಓದ್ತಾಳೆ!"

ಮೂರು ದಿನ ಮನೆಯಲ್ಲಿ ಪಿಟ್ ಎನ್ನುವವರಿಲ್ಲ. ಗಡಿಯಾರವೊಂದೇ ಟಿಕ್ ಟಿಕ್ ಎನ್ನುತ್ತ ತಲೆ ತಿನ್ನುತ್ತಿತ್ತು. ಅದನ್ನೂ ನಾನೇ ಸರಿಮಾಡಿದ್ದು! ಅಡುಗೆಗೆ ಉಪ್ಪು ಬೀಳುತ್ತಿರಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ.

ನಾಲ್ಕನೆಯ ದಿನ ಅತ್ತಿಗೆಯ ಫೋನ್. ಹೆಂಡತಿ ಸ್ಪೀಕರ್ ಒತ್ತಿದಳು.

"ನಿನ್ನ ಪತ್ರ ಬಂತು ಕಣೇ. ಓದಿದೆ. ತಾರೀಖೂ ನೋಡಿದೆ." ಆಮೇಲೆ ಬಿದ್ದು ಬಿದ್ದು ನಗು! "ಅದೇ ವಾರ ನಾನೂ ನಿನಗೆ ನಾಲ್ಕು ಪುಟ ಬರೆದಿದ್ದೆನಲ್ಲ! ನೀನು ಅದನ್ನ ನುಂಗಿಕೊಂಡು ಸುಮ್ಮನಿದ್ದೆ. ನನ್ನ ತಂಗಿ ಎಂಥಾ ತಾಳ್ಮೆಯವಳು ಅಂತ ಇಷ್ಟು ವರ್ಷ ನಾಚ್ಕೊಂಡೇ ಇದ್ದೀನಿ."

"ನನಗೆ ಯಾವ ಪತ್ರವೂ ಬಂದಿಲ್ಲ ಅಕ್ಕ!"

"ಬರದೇ ಏನು? ನಿಮ್ಮ ಭಾವ ಆಫೀಸಿಗೇ ಹೋಗಿ ನಿನ್ನ ಯಜಮಾನ್ರ ಕೈಗೇ ಕೊಟ್ಟು ಬಂದಿದ್ರು!"

ನನ್ನ ಷಡ್ಡಕ ಹೇಳಿದ ಕೆಲಸವನ್ನು ಹೇಳಿದ ನಿಮಿಷಕ್ಕೆ ಮಾಡುವ ಮಹಾನುಭಾವ. ಹೆಂಡತಿ ನಿಧಾನವಾಗಿ ನನ್ನತ್ತ ತಿರುಗಿದಳು.

ನಾನೇಕೆ ತಲೆ ತಗ್ಗಿಸಲಿ? "ಅಂದ್ರೆ ಅಕ್ಕನ ದೊಡ್ಡ ಮನಸ್ಸೂ ನಾನೇ, ತಂಗಿಯ ತಾಳ್ಮೆಯೂ ನಾನೇ!" ಎಂದು ಗುಡುಗಿದೆ. "ಇಬ್ಬರೂ ಸೇರಿ ನನಗೆ ಸನ್ಮಾನ ಮಾಡಬೇಕು!"

"ಆ ಪತ್ರ ಎಲ್ಲಿ?"

"ಅದನ್ನ ಓದ್ಬೇಡ ಕಣೇ!" ಎಂದು ಫೋನಿನಲ್ಲಿ ಅತ್ತಿಗೆ ಚೀರಿದರು. "ಅದರ ಕೊನೇ ಪುಟ ಓದಿದ್ರೆ ನಾನು ನಿನ್ನ ಮುಖ ಹೇಗೆ ನೋಡ್ಲಿ?"

"ಇಲ್ಲೇ ಎಲ್ಲೋ ಇಟ್ಟಿದ್ದೀನಿ, ಈಗಲೇ ಹುಡುಕ್ತೀನಿ!" ಅಂಗಿಯ ತೋಳು ಮಡಚಿ ಎದ್ದೆ.

ಹೆಂಡತಿ ನನ್ನ ಭುಜ ಹಿಡಿದು ಮತ್ತೆ ಕುರ್ಚಿಯಲ್ಲಿ ಕೂರಿಸಿದಳು.

"ಅಕ್ಕಾ, ನೀನು ನಿಶ್ಚಿಂತೆಯಾಗಿ ಹೊರಟು ಬಾ," ಎಂದಳು. "ಅದನ್ನ ಹುಡುಕೋ ಕೆಲಸ ಇವರಿಗೇ ವಹಿಸಿದ್ದೀನಿ. ಇನ್ನು ಅದು ಯಾರಿಗೂ ಸಿಗಲ್ಲ!"