ಇರ್ಮಾ ಹಾರ್ಟ್‌ವಿಗ್ ಅವರ ರಟ್ಟು

ಓಹಾಯೋದ ‘ಟ್ವೆಲ್ವ್ ಮೇಪಲ್ಸ್’ ವೃದ್ಧರ ಶುಶ್ರೂಷಾಲಯದಲ್ಲಿ ಕರೆಗಂಟೆ ಒತ್ತುವ ಹಕ್ಕು ಪ್ರತಿಯೊಬ್ಬ ನಿವಾಸಿಗೂ ಇದೆ. ಅದನ್ನು ಕೇಳಿಸಿಕೊಳ್ಳಬೇಕಾದವರು ಯಾರೆಂದು ನಿಯಮಾವಳಿಯಲ್ಲಿ ಹೇಳಿಲ್ಲ.

ಎಂಬತ್ತೇಳರ ಇರ್ಮಾ ಹಾರ್ಟ್‌ವಿಗ್ ಬೆಳಿಗ್ಗೆ ನೀರಿಗೆಂದು ಒತ್ತಿದ ಗಂಟೆಗೆ ಮಧ್ಯಾಹ್ನ ಉತ್ತರ ಬರುತ್ತಿತ್ತು. ಮಗ್ಗುಲು ಬದಲಿಸುವವರಿಲ್ಲದೆ ಮಲಗಿ ಮಲಗಿ ಹಿಮ್ಮಡಿಯಲ್ಲಿ ಹುಣ್ಣಾಗಿತ್ತು. ಮಗಳು ಡೋರಿನ್ ಕಾಲುಚೀಲ ಕಳಚಿ ನೋಡಿದವಳೇ ನಿರ್ದೇಶಕ ಪ್ರೆಂಟಿಸ್ ಅವರ ಕೋಣೆಗೆ ಹೋದಳು.

“ಹುಣ್ಣು ನಮ್ಮ ದಾಖಲೆಯಲ್ಲಿ ಇಲ್ವಲ್ಲ ಮೇಡಂ,” ಎಂದರು ಅವರು.

“ನಮ್ಮಮ್ಮನ ಕಾಲಲ್ಲಿದೆ.”

“ಕಾಲನ್ನ ಗುರುವಾರ ದಾಖಲು ಮಾಡ್ಕೋತೀವಿ.”

ಡೋರಿನ್ ರಾಜ್ಯದ ಆರೋಗ್ಯ ಇಲಾಖೆಗೆ ದೂರು ಕೊಟ್ಟಳು. ತಪಾಸಕರು ಕಾನೂನಿನ ಪ್ರಕಾರ ಮುನ್ಸೂಚನೆಯಿಲ್ಲದೆ ಬಂದರು. ಆ ಬೆಳಿಗ್ಗೆ ಬಾಗಿಲಲ್ಲಿ ಹೊಸ ಹೂಕುಂಡಗಳಿದ್ದವು. ಪಕ್ಕದೂರಿನ ಶಾಖೆಯಿಂದ ಎರವಲು ತಂದ ಆರು ಆಯಾಗಳು ಓಡಾಡುತ್ತಿದ್ದರು. ಇರ್ಮಾ ಅವರಿಗೆ ಒಂದು ತಾಸಿನಲ್ಲಿ ನಾಲ್ಕು ಲೋಟ ನೀರು ಕುಡಿಸಲಾಯಿತು. ಲೋಪ ಕಂಡುಬಂದಿಲ್ಲವೆಂದು ಪತ್ರ ಬಂತು. ಹೂಕುಂಡಗಳೂ ಆಯಾಗಳೂ ಮುಂದಿನ ಶಾಖೆಗೆ ಹೊರಟುಹೋದರು. ಇಪ್ಪತ್ತೆಂಟು ಹಾಸಿಗೆಗೆ ಎಂದಿನಂತೆ ಆಯಾ ಶೆಲ್ಬಿ ಒಬ್ಬಳೇ ಉಳಿದಳು.

ಡೋರಿನ್ ಗೊತ್ತುಮಾಡಿದ ವಕೀಲ ಗ್ರೂಬರ್ ಕಾಗದಗಳನ್ನು ತಿರುವಿದರು. “ಕೋರ್ಟಿಗೆ ಹೋಗಲ್ಲ, ಮಧ್ಯಸ್ಥಗಾರರ ಮುಂದೆ ಮಾತ್ರ ಹೋಗ್ತೀನಿ ಅಂತ ನಿಮ್ಮಮ್ಮ ಸಹಿ ಹಾಕಿದಾರೆ.”

“ಅದು ಊಟಕ್ಕೆ ಕೋಳಿಯೋ ಮೀನೋ ಅಂತ ಕೇಳಿದ ಕಾಗದ.”

“ಅದರದೇ ಒಂಬತ್ತನೇ ಪುಟ. ಮಧ್ಯಸ್ಥಗಾರರನ್ನ ಸಂಸ್ಥೆಯೇ ಆರಿಸುತ್ತೆ. ವಿಚಾರಣೆ ಇನ್ನು ಹನ್ನೊಂದು ತಿಂಗಳಾದ ಮೇಲೆ.”

“ಅಮ್ಮಂಗೆ ಎಂಬತ್ತೇಳು.”

“ಅದು ಅವರಿಗೂ ಗೊತ್ತು ಮೇಡಂ. ಅಲ್ಲೀತನಕ ಗಂಟೆ ಒತ್ತಿದ ಹೊತ್ತು, ಜನ ಬಂದ ಹೊತ್ತು ಬರೆದಿಡಿ.”

ಡೋರಿನ್ ಪರೀಕ್ಷೆಗೆ ಮಕ್ಕಳು ಒಯ್ಯುವಂಥ ಕ್ಲಿಪ್ಪಿನ ರಟ್ಟೊಂದನ್ನು ತಂದು, ಹಾಸಿಗೆಯ ಪಕ್ಕ ಕೂತು ಮೂರು ದಿನ ಬರೆದಳು. ನಾಲ್ಕನೆಯ ದಿನ ಕಾಫಿ ತರಲು ಹೋಗುವಾಗ ರಟ್ಟನ್ನು ಅಮ್ಮನ ತೊಡೆಯ ಮೇಲೆ ಬಿಟ್ಟಳು. ಹಿಂತಿರುಗಿದಾಗ ಇರ್ಮಾ ಅವರ ಮಗ್ಗುಲು ಬದಲಾಗಿತ್ತು, ಹುಣ್ಣಿಗೆ ಪಟ್ಟಿ ಬಿದ್ದಿತ್ತು, ಲೋಟದಲ್ಲಿ ನೀರಿತ್ತು. ಶೆಲ್ಬಿ ಇರ್ಮಾ ಅವರ ಮುಂದೆ ಕೈಕಟ್ಟಿ ನಿಂತಿದ್ದಳು.

“ಇನ್ನೇನಾದರೂ ನೋಡೋದಿದೆಯಾ ಮೇಡಂ?”

ಅವಳು ಹೋದ ಮೇಲೆ ಇರ್ಮಾ ಹೇಳಿದರು: “ಮೂವತ್ತು ವರ್ಷ ಶಾಲೆ ಅಡುಗೆಮನೆ ನಡೆಸಿದೀನಿ ಡೋರಿ. ರಟ್ಟು ಹಿಡಿದು ತಪಾಸಣೆಯೋರು ಬಂದ್ರೆ ನಾನೂ ಇಲಿಬೋನು ಬಚ್ಚಿಡ್ತಿದ್ದೆ. ಇದನ್ನ ಇಲ್ಲೇ ಬಿಟ್ಟು ಹೋಗು.”

ವಾರದೊಳಗೆ ಇನ್ನೂ ಒಂಬತ್ತು ನಿವಾಸಿಗಳ ತೊಡೆಯ ಮೇಲೆ ರಟ್ಟು ಕಾಣಿಸಿಕೊಂಡಿತು. ಆಡಳಿತವು ಇದನ್ನು ಗಂಭೀರವಾಗಿ ಪರಿಗಣಿಸಿ ಸುತ್ತೋಲೆ ಹೊರಡಿಸಿತು: ‘ರಟ್ಟು ಹೊಂದಿರುವವರ ಗಂಟೆಗೆ ಮೊದಲು ಓಗೊಡತಕ್ಕದ್ದು. ಉಳಿದವರು ಕುಟುಂಬದವರಿಂದ ರಟ್ಟು ತರಿಸಿಕೊಳ್ಳತಕ್ಕದ್ದು.’ ಎರಡನೆಯ ಆಯಾಳನ್ನು ನೇಮಿಸುವ ಪ್ರಶ್ನೆ ಉದ್ಭವಿಸಲಿಲ್ಲ. ಹಿರಿತನದ ಆಧಾರದ ಮೇಲೆ ಇರ್ಮಾ ಅವರ ಗಂಟೆಗೆ ಅಗ್ರಸ್ಥಾನ ಸಿಕ್ಕಿತು.

ಹನ್ನೊಂದು ತಿಂಗಳು ಕಳೆದು ವಿಚಾರಣೆ ನಡೆಯಿತು. ಗಾಲಿಕುರ್ಚಿಯಲ್ಲಿ ರಟ್ಟು ಹಿಡಿದು ಬಂದ ಇರ್ಮಾ ಅವರನ್ನು ಕಂಡು ಮಧ್ಯಸ್ಥಗಾರರು ಎದ್ದು ನಿಂತರು.

“ಮೇಡಂ, ನಮ್ಮಿಂದೇನಾದರೂ ಲೋಪ...?”

“ಕಿಟಕಿ ಗಾಜು ಒರೆಸಿಲ್ಲ,” ಎಂದು ಇರ್ಮಾ ಬರೆದುಕೊಂಡರು. ಪ್ರೆಂಟಿಸ್ ಕರವಸ್ತ್ರದಿಂದ ಒರೆಸಿದರು.

ತೀರ್ಪು ಅಂದೇ ಹೊರಬಿತ್ತು. ತಪಾಸಣೆ ಮಾಡುವವರೇ ದೂರುದಾರರಾಗಲು ಅವಕಾಶವಿಲ್ಲದ ಕಾರಣ ಅರ್ಜಿ ವಜಾ.

“ಮೇಲ್ಮನವಿಗೆ ದಾರಿ ಇದೆ, ತೀರಾ ಇಕ್ಕಟ್ಟು,” ಎಂದರು ಗ್ರೂಬರ್.

ಡೋರಿನ್ ಬಗ್ಗಿ ಅಮ್ಮನ ಕಾಲುಚೀಲ ಸರಿಸಿದಳು. ಹಿಮ್ಮಡಿಯ ಹುಣ್ಣು ಮಾಯ್ದು, ಗುಲಾಬಿ ಚರ್ಮ ಬಂದಿತ್ತು. ಅವಳಿಗೂ ಬರುವ ಮಾರ್ಚಿಗೆ ಅರವತ್ತಾರು ತುಂಬುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ಕಾರು ನಿಲ್ಲಿಸಿ, ಕ್ಲಿಪ್ಪು ಗಟ್ಟಿಯಿರುವುದನ್ನೇ ಆರಿಸಿ, ತನಗೂ ಒಂದು ರಟ್ಟು ಕೊಂಡಳು.