ಧಾರೆ ಸೀರೆಯೂ ಚಳಿಗಾಲದ ಇಲಿಯೂ

ಸುಂಡಿಲಿ ಅನ್ನುತ್ತಿದ್ದರೋ, ಚಿಟ್ಟಿಲಿ ಅನ್ನುತ್ತಿದ್ದರೋ... ನಮ್ಮ ಕುಂದಾಪುರದ ಕಡೆ ಹೆಬ್ಬೆರಳಿನಷ್ಟೇ ಇರುವ ಇಲಿಗೆ ಬೇರೆಯದೇ ಒಂದು ಹೆಸರಿತ್ತು. ನಾಲಿಗೆಯ ತುದಿಯವರೆಗೆ ಬರುತ್ತದೆ, ಆಚೆ ಬರುವುದಿಲ್ಲ. ಹೊಸ ಸೊಸೆಯಾಗಿ ವಿಜಯನಗರಕ್ಕೆ ಬಂದವಳು ಈಗ ಮೊಮ್ಮಗಳ ಮದುವೆ ನೋಡುವ ವಯಸ್ಸಿಗೆ ಬಂದಿದ್ದೇನೆ, ಒಂದು ಹೆಸರು ಮರೆತರೆ ದೊಡ್ಡದಲ್ಲ. ಇಲಿ ಮಾತ್ರ ನಮ್ಮನ್ನು ಮರೆಯುವುದಿಲ್ಲ. ಅವರೆಕಾಯಿ ಗಾಡಿಗಳು ಬಂದು ಬೆಳಿಗ್ಗೆ ಸ್ವೆಟರು ಬೇಕೆನಿಸಿದರೆ ಸಾಕು, ಬೆಚ್ಚಗಿನ ಜಾಗ ಹುಡುಕಿಕೊಂಡು ಅದು ಒಳಗೆ ಬರುತ್ತದೆ, ಮನೆಯಲ್ಲಿ ಏನಾದರೊಂದು ನಡೆಯುತ್ತದೆ.

ಈ ಸಲ ಮಾತ್ರ ನಗುವಂತಿರಲಿಲ್ಲ. ಮಾಘದಲ್ಲಿ ಮೊಮ್ಮಗಳ ಮದುವೆ. ಹೇಳಿ ನೇಯಿಸಿದ ಧಾರೆ ಸೀರೆ ಮರದ ಕಬೋರ್ಡಿನಲ್ಲಿತ್ತು. ಇಲಿಯ ಹಲ್ಲು ಒಮ್ಮೆ ಜರಿಗೆ ತಾಗಿದರೆ ಮುಗಿಯಿತು, ಅಂಥದ್ದು ಇನ್ನೊಂದು ನೇಯಿಸಲು ಸಮಯವಿರಲಿಲ್ಲ.

ಜೀರಿಗೆ

ಮೊದಲು ಸುಳಿವು ಸಿಕ್ಕಿದ್ದು ಸೊಸೆಗೆ. ಕಬೋರ್ಡಿನ ಕೆಳಗೆ ಗುಡಿಸುವಾಗ ಕಪ್ಪಗೆ, ಸಣ್ಣಗೆ ಏನೋ ಬಂತು. ಪೇಪರು ಓದುತ್ತಿದ್ದ ಮಗ ಅಲ್ಲಿಂದಲೇ ಒಮ್ಮೆ ನೋಡಿ, ಅದು ಜೀರಿಗೆ ಅಂದ. ಅಡುಗೆಮನೆಯ ಜೀರಿಗೆ ಮಲಗುವ ಕೋಣೆಗೆ ಹೇಗೆ ಬಂತು ಅಂತ ಅವಳು ಕೇಳಿದರೆ, ಕಾಲಿಗೆ ಅಂಟಿಕೊಂಡು ಬಂದಿರುತ್ತೆ ಅಂತ ಉತ್ತರ.

"ಸರಿ ಹಾಗಾದ್ರೆ. ಇವತ್ತು ನಿಮ್ಮ ಸಾರಿನ ಒಗ್ಗರಣೆಗೆ ಇದನ್ನೇ ಹಾಕ್ತೀನಿ" ಅಂದಳು ಸೊಸೆ.

ಮಗ ಪೇಪರು ಮಡಿಸಿಟ್ಟು, ಕನ್ನಡಕ ಹಾಕಿಕೊಂಡು, ಬಗ್ಗಿ ನೋಡಿದ. ಆಮೇಲೆ ಬಹಳ ಮೆತ್ತಗೆ, "ಇಲಿ ಇರಬಹುದು ಕಣೇ" ಅಂದ.

ರಂಗೋಲಿ ಪುಡಿ

ಇಲಿ ಎಲ್ಲಿಂದ ಬರುತ್ತದೆ ಎಂದು ತಿಳಿಯದೆ ತೂತು ಮುಚ್ಚುವುದು ಹೇಗೆ? ಮಲಗುವ ಮುಂಚೆ ನಾನು ಹಾಲಿನಿಂದ ಅಡುಗೆಮನೆಯವರೆಗೆ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿದೆ. ಬೆಳಿಗ್ಗೆ ನೋಡಿದರೆ ಪುಟ್ಟ ಪುಟ್ಟ ಹೆಜ್ಜೆಗಳು ಸಿಂಕಿನ ಪೈಪು ಗೋಡೆಯೊಳಗೆ ಹೋಗುವ ತೂತಿನಿಂದ ಹೊರಟಿದ್ದವು. ದಾರಿ ಸಿಕ್ಕಿತಲ್ಲ ಎಂದು ಸಮಾಧಾನವಾಯಿತು.

ಆದರೆ ಇನ್ನೊಂದು ಜೋಡಿ ಹೆಜ್ಜೆಯೂ ಇತ್ತು. ಅಗಲವಾದದ್ದು. ಮಗನ ಕೋಣೆಯಿಂದ ಹೊರಟು, ಕೊಬ್ಬರಿ ಮಿಠಾಯಿ ಡಬ್ಬಿಯಿದ್ದ ಶೆಲ್ಫಿನವರೆಗೆ ಹೋಗಿ, ಹಾಗೇ ವಾಪಸ್ಸು ಬಂದಿತ್ತು. ಮಗನಿಗೆ ಸಕ್ಕರೆ ಕಾಯಿಲೆ. ಅವನು ಎದ್ದು ಬಂದ. ಸೊಸೆ ನನ್ನ ಕಡೆ ತಿರುಗಿ ಕೇಳಿದಳು: "ಅತ್ತೆ, ಈ ಸೈಜಿನ ಇಲಿಗೆ ಬೋನು ಎಲ್ಲಿ ಸಿಗುತ್ತೆ?"

ಸ್ಟೀಲ್ ನಾರು

ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಇಲಿ ಕಡಿಯಲಾರದು ಎಂದು ಯಾರೋ ಹೇಳಿದ್ದರು. ಮಗ ಅಂಗಡಿಯಿಂದ ತಂದು, ಮೊಣಕಾಲೂರಿ ಕೂತು, ಪೈಪಿನ ಸುತ್ತ ಗಟ್ಟಿಯಾಗಿ ತುರುಕಿದ. ಸಂಜೆ ನೋಡಿದರೆ ತೂತು ಖಾಲಿ. ಮತ್ತೆ ತುರುಕಿದ, ಮಾರನೆಯ ದಿನ ಮತ್ತೆ ಖಾಲಿ. ಕಬ್ಬಿಣವನ್ನೇ ತಿನ್ನುವ ಇಲಿಗೆ ರೇಷ್ಮೆ ಯಾವ ಲೆಕ್ಕ ಎಂದು ಸೊಸೆಯ ಮುಖ ಸಣ್ಣದಾಯಿತು.

ಮನೆಕೆಲಸಕ್ಕೆ ಬರುವಾಕೆ ಅಷ್ಟರಲ್ಲಿ ಪಾತ್ರೆ ತೊಳೆದು ಎದ್ದಳು. ನಮ್ಮ ಮನೆ ಬಾಣಲೆಗಳು ಅಷ್ಟು ಹೊಳೆದದ್ದನ್ನು ನಾನು ನೋಡಿರಲಿಲ್ಲ. ಆಕೆ ಕೈ ಒರೆಸಿಕೊಳ್ಳುತ್ತಾ, "ಅಮ್ಮ, ಹೊಸ ನಾರು ತರ್ತೀರಲ್ಲ, ಅದನ್ನ ಆ ಸಂದೀಲಿ ಯಾಕೆ ಬಚ್ಚಿಡ್ತೀರಿ? ನಾನೇನು ಮನೆಗೆ ತಗೊಂಡು ಹೋಗ್ತೀನಾ?" ಅಂದಳು.

ಮುನಿಸಿಕೊಂಡ ಆಕೆಗೆ ಕಾಫಿ ಕೊಟ್ಟು ವಿಷಯ ತಿಳಿಸಿದೆವು. ಆಮೇಲೆ ತೂತಿಗೆ ಸಿಮೆಂಟೇ ಬಿತ್ತು.

ವಾಕಿಂಗ್

ದಾರಿ ಮುಚ್ಚಿದ ಮೇಲೆ ಒಳಗುಳಿದ ಇಲಿ ಬೋಂಡದ ಆಸೆಗೆ ಬೋನಿಗೆ ಬಿತ್ತು. ಗಣಪತಿಯ ವಾಹನ, ಕೊಲ್ಲುವುದು ಬೇಡ ಅಂದೆ. ಮಗ ಬೋನಿನ ಮೇಲೆ ಟವೆಲ್ ಮುಚ್ಚಿಕೊಂಡು ಬೆಳಿಗ್ಗೆ ಹಿಂದಿನ ಕ್ರಾಸಿನ ಖಾಲಿ ಸೈಟಿಗೆ ಹೋದ. ಎದುರಿಗೆ ಮಂಕಿಕ್ಯಾಪ್ ಹಾಕಿದ ಹಿರಿಯರೊಬ್ಬರು ಬರುತ್ತಿದ್ದರು. ಅವರ ಕೈಯಲ್ಲೂ ಟವೆಲ್ ಮುಚ್ಚಿದ್ದೊಂದು ಇತ್ತು.

"ವಾಕಿಂಗಾ ಸಾರ್?" ಅಂದರು.

"ಹೂಂ ಸಾರ್, ವಾಕಿಂಗು."

ಇಬ್ಬರೂ ಸ್ವಲ್ಪ ಹೊತ್ತು ಆಕಾಶ ನೋಡಿದರು. ಆಮೇಲೆ ಹಿರಿಯರು ಮನೆ ಎಲ್ಲಿ ಅಂತ ವಿಚಾರಿಸಿದರು. ಮಗ ಹೇಳಿದ.

"ಓ, ಆ ಕ್ರಾಸಾ? ಒಳ್ಳೇ ಕ್ರಾಸು ಸಾರ್. ನಾನು ಸಾಮಾನ್ಯವಾಗಿ ಅಲ್ಲೇ ಬಿಡೋದು."

ಸೀರೆ ಎಲ್ಲಿ?

ಮನೆಯಲ್ಲಿ ಇಲಿಯ ಸುಳಿವೇ ಇಲ್ಲವಾಯಿತು. ನೆಮ್ಮದಿಯಾಗಿ ಸೊಸೆ ಸೀರೆಗೆ ಕುಚ್ಚು ಕಟ್ಟಿಸಲು ಹೊರಟಳು. ಇಲಿಯ ಗದ್ದಲದ ಸಮಯದಲ್ಲಿ ಅದನ್ನು ಕಬೋರ್ಡಿನಿಂದ ತೆಗೆದು ಸ್ಟೀಲಿನ ಅಕ್ಕಿ ಡ್ರಮ್ಮಿನಲ್ಲಿ ಇಟ್ಟವಳು ಅವಳೇ. ಈಗ ಡ್ರಮ್ಮಿನಲ್ಲಿ ಅಕ್ಕಿ ಮಾತ್ರ ಇತ್ತು.

ಅಕ್ಕಿಗೆ ಹುಳ ಬಂದಿದೆಯೆಂದು ಸೀರೆಯನ್ನು ತೆಗೆದು ವಾಷಿಂಗ್ ಮೆಷೀನಿನೊಳಗೆ ಇಟ್ಟವಳು ನಾನು. ಅದೂ ಸ್ಟೀಲೇ ತಾನೇ. ಇದನ್ನು ಹೇಳಿದ್ದೇ ಸೊಸೆ ಗೋಡೆ ಹಿಡಿದುಕೊಂಡಳು. ಮೆಷೀನಿನಲ್ಲೂ ಸೀರೆ ಇರಲಿಲ್ಲ. ಯಾರಾದರೂ ಸ್ವಿಚ್ ಹಾಕಿಬಿಟ್ಟಾರು ಎಂದು ಮೊಮ್ಮಗಳು ಅದನ್ನು ತೆಗೆದು ಅಪ್ಪನ ಕೈಗೆ ಕೊಟ್ಟಿದ್ದಳು. ಅಪ್ಪ, ಮನೆಯೊಳಗೆ ಇಟ್ಟರೆ ತಾನೇ ಇಲಿಯ ಭಯ ಎಂದು ಕಾರಿನ ಡಿಕ್ಕಿಯಲ್ಲಿ ಇಟ್ಟಿದ್ದ. ಯಾರೂ ಯಾರಿಗೂ ಹೇಳಿರಲಿಲ್ಲ.

ಆ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದೆ ನಾಯಂಡಹಳ್ಳಿಯ ಗ್ಯಾರೇಜಿಗೆ ಹೋಗಿತ್ತು. ಮಗ ಫೋನ್ ಮಾಡಿದರೆ ಮೆಕ್ಯಾನಿಕ್ ಅಂದ: "ವೈರೆಲ್ಲ ಇಲಿ ಕಡಿದಿದೆ ಸಾರ್. ಇಂಜಿನ್ ಪಕ್ಕ ಗೂಡೇ ಕಟ್ಟಿದೆ."

ನಾವೆಲ್ಲ ಒಂದೇ ಆಟೋದಲ್ಲಿ ತುಂಬಿಕೊಂಡು ಹೋದೆವು. ಮೆಕ್ಯಾನಿಕ್ ಬಾನೆಟ್ ಎತ್ತಿ ತೋರಿಸಿದ. ಗೂಡಿನ ತುಂಬ ಕೆಂಪು ಚೂರು, ನಡುನಡುವೆ ಚಿನ್ನದ ಬಣ್ಣದ ಎಳೆ. ಧಾರೆ ಸೀರೆಯ ಬಣ್ಣವೂ ಅದೇ. ಸೊಸೆ ಕಣ್ಣು ಮುಚ್ಚಿಕೊಂಡಳು. ಮೊಮ್ಮಗಳು ನನ್ನ ಕೈಯನ್ನು ನೋವಾಗುವಷ್ಟು ಹಿಡಿದಳು.

ಮೆಕ್ಯಾನಿಕ್ ಒಂದು ಚೂರು ಎತ್ತಿ ಬೆಳಕಿಗೆ ಹಿಡಿದು ಓದಿದ: "ಸಕುಟುಂಬ ಸಮೇತರಾಗಿ..."

ಹಂಚಲು ಡಿಕ್ಕಿಯಲ್ಲಿ ಇಟ್ಟಿದ್ದ ಲಗ್ನಪತ್ರಿಕೆಗಳು! ಅವುಗಳ ಪಕ್ಕದಲ್ಲೇ ಸೀರೆಯ ಪೆಟ್ಟಿಗೆ. ಸೊಸೆ ಮುಚ್ಚಳ ತೆಗೆದು, ಅಲ್ಲೇ ನಿಂತು ಸೀರೆಯ ಮಡಿಕೆಗಳನ್ನೆಲ್ಲ ಬಿಡಿಸಿ ನೋಡಿದಳು. ಒಂದು ನೂಲೂ ಹರಿದಿರಲಿಲ್ಲ. ಅವಳು ಅಳುತ್ತಾ ನಗತೊಡಗಿದಳು.

"ಗೂಡಲ್ಲಿ ಮರಿಗಳೂ ಇವೆ ಸಾರ್" ಅಂದ ಮೆಕ್ಯಾನಿಕ್. "ಪತ್ರಿಕೇಲಿ ಬರೆದಿದ್ದ ಹಾಗೇ ಬಂದಿವೆ."

ಕುಚ್ಚು ಕಟ್ಟಿಸಿ ತಂದ ಮೇಲೆ ನನ್ನ ಕಬ್ಬಿಣದ ಟ್ರಂಕಿನಿಂದ ಕಂಬಳಿಗಳನ್ನೆಲ್ಲ ತೆಗೆದು ಸೀರೆಯನ್ನು ಅದರಲ್ಲಿಟ್ಟೆವು. ಮೊಮ್ಮಗಳನ್ನು ಕರೆದು, ಸೀರೆ ಇದರೊಳಗಿದೆ, ಯಾರೂ ಎತ್ತಿಡಬಾರದು ಅಂತ ದೊಡ್ಡ ಅಕ್ಷರದಲ್ಲಿ ಬರೆದು ಟ್ರಂಕಿಗೆ ಅಂಟಿಸು ಅಂದೆ.

"ಅಜ್ಜಿ, ಇಲಿಗೆ ನಾವೇ ಅಡ್ರೆಸ್ ಕೊಟ್ಟ ಹಾಗಾಗಲ್ವಾ?" ಅಂದಳು.

"ಇಲಿಗೆ ಗೊತ್ತಾದ್ರೆ ಆಗಲಿ ಕಣೇ. ಮನೆಯವರಿಗೆ ಗೊತ್ತಿರಬೇಕು. ನೀನು ಬರಿ."